ಎರಡು ಸೆಂಟಿಮೀಟರಿನ ಹುಲಿ

ಶೃಂಗೇರಿಗೆ ಹೋದವರು ಮೆಟ್ಟಿಲಿಳಿದು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕದೆ ಬರುವುದು ಅಪರೂಪ. ಮೊಳ ಮೀರಿದ ಮಹಸೀರ್‌ಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲೂ ಇದೇ ನೋಟ. ಅವು ದೇವರ ಮೀನು, ಅವುಗಳಿಗೆ ಗಾಳ ಹಾಕುವಂತಿಲ್ಲ. ಇದೇ ತುಂಗೆಗೆ ಬಂದು ಸೇರುವ ಒಂದು ಸಣ್ಣ ಹಳ್ಳದಲ್ಲಿ ಇನ್ನೊಂದು ಮೀನು ಬದುಕುತ್ತಿತ್ತು. 2015ರವರೆಗೆ ವಿಜ್ಞಾನ ಅದಕ್ಕೊಂದು ಹೆಸರು ಇಟ್ಟಿರಲಿಲ್ಲ. ಪೂರ್ತಿ ಬೆಳೆದರೂ ಅದರ ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಮೈಮೇಲೆ ಅಡ್ಡಪಟ್ಟೆಗಳಿವೆ. ಅದನ್ನು ವರ್ಣಿಸಿದ ರಾಲ್ಫ್ ಬ್ರಿಟ್ಜ್ ಮತ್ತು ಅನ್ವರ್ ಅಲಿ ಪಟ್ಟೆ ನೋಡಿಯೇ ಹೆಸರಿಟ್ಟರು: ಡೇರಿಯೊ ಹುಲಿ. ನಮ್ಮ ಕನ್ನಡದ ಹುಲಿಯೇ.

ಅದಕ್ಕೆ ಮೂರು ವರ್ಷ ಮೊದಲು, 2012ರಲ್ಲಿ, ಪಶ್ಚಿಮ ಘಟ್ಟದ ಮೊದಲ ಡೇರಿಯೊ ಎಂದು ಡೇರಿಯೊ ಯುರೋಪ್ಸ್ ದಾಖಲಾಗಿತ್ತು. 2018ರಲ್ಲಿ ವಯನಾಡಿನಿಂದ ಡೇರಿಯೊ ನೀಲಾ ಬಂತು. ಇವುಗಳ ಉಳಿದ ಬಂಧುಬಳಗವೆಲ್ಲ ಇರುವುದು ಸುಮಾರು ಎರಡು ಸಾವಿರ ಕಿಲೋಮೀಟರ್ ಆಚೆ, ಈಶಾನ್ಯ ಭಾರತ, ಮ್ಯಾನ್ಮಾರ್, ಚೀನಾದ ಯುನ್ನಾನ್ ಕಡೆ. ಒಂದೇ ಕುಲದ ಮೀನುಗಳು ಇಷ್ಟು ದೂರ ದೂರ ಹೇಗೆ ಹಂಚಿಹೋದವು ಎಂಬುದು ಪ್ರಾಣಿ ಭೂಗೋಳ ಓದುವವರನ್ನು ಕಾಡುವ ಪ್ರಶ್ನೆ. ಮೀನು ಸಾಕುವ ನನ್ನಂಥವರನ್ನು ಕಾಡುವ ಪ್ರಶ್ನೆ ಬೇರೆ. ಊರಿನ ಕಾಲುಹಾದಿ ದಾಟುವ ಹಳ್ಳದಲ್ಲೇ ಇಂಥ ಜೀವವಿದ್ದರೂ ನಾವು ಅದನ್ನು ಕಂಡೇ ಇರಲಿಲ್ಲವಲ್ಲ? ದೊಡ್ಡ ಮೀನನ್ನು ಪೂಜಿಸುವ, ತಿನ್ನುವ, ಲೆಕ್ಕವಿಡುವ ನಾವು ಬೆರಳ ತುದಿಯಷ್ಟು ಮೀನನ್ನು ‘ಸಸಲು’ ಎಂದು ಒಟ್ಟಿಗೆ ಕೂಗಿ ಮುಂದೆ ಹೋಗಿಬಿಟ್ಟಿದ್ದೇವೆ.

ಈ ಬಳಗದಲ್ಲಿ ಮನೆಯ ಗಾಜಿನ ತೊಟ್ಟಿಗೆ ಬಂದು ಜಗತ್ತಿನಾದ್ಯಂತ ಹೆಸರು ಮಾಡಿದ್ದು ಡೇರಿಯೊ ಡೇರಿಯೊ. ಅಂಗಡಿಯವರ ಬಾಯಲ್ಲಿ ಅದು ಸ್ಕಾರ್ಲೆಟ್ ಬ್ಯಾಡಿಸ್. ಉತ್ತರ ಬಂಗಾಳ, ಅಸ್ಸಾಂಗಳ ತಿಳಿನೀರಿನ, ಸೊಪ್ಪು ತುಂಬಿದ ಹಳ್ಳಗಳು ಅದರ ತವರು. ಅದನ್ನು 1822ರಲ್ಲಿ ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಕನ್ನಡಿಗರಿಗೆ ಅಪರಿಚಿತನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಸುತ್ತಿ ನಮ್ಮ ಬೆಳೆ, ಕೆರೆ, ಮಗ್ಗಗಳ ಬಗ್ಗೆ ಮೂರು ಸಂಪುಟ ಬರೆದ ಬುಕಾನನ್ ಈತನೇ. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿತು. ಗಂಗೆಯ ಮೀನುಗಳ ಬಗ್ಗೆ ಆತ ಬರೆದ ಗ್ರಂಥದಲ್ಲೇ ಇಂದು ಪ್ರಯೋಗಾಲಯಗಳನ್ನು ಆಳುತ್ತಿರುವ ಜೀಬ್ರಾ ಮೀನೂ ಇದೆ, ಅಕ್ವೇರಿಯಂ ಪ್ರಿಯರ ಹನಿ ಗೌರಾಮಿಯೂ ಇದೆ. ಇನ್ನೂರು ವರ್ಷಗಳ ಹಿಂದೆ ಬಲೆ ಹಿಡಿದು ಇಷ್ಟು ಚಿಕ್ಕ ಮೀನನ್ನು ನಿಂತು ನೋಡುವ ತಾಳ್ಮೆ ಆತನಿಗಿತ್ತು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರಿನ ಫ್ಲ್ಯಾಟುಗಳಲ್ಲಿ ಚಿಕ್ಕ ತೊಟ್ಟಿಗಳು ಹೆಚ್ಚುತ್ತಿವೆ. ಮೇಜಿನ ಮೂಲೆಯಲ್ಲಿ ಇಡಬಹುದಾದ, ಇಪ್ಪತ್ತು-ಮೂವತ್ತು ಲೀಟರಿನ ಗಾಜಿನ ಪೆಟ್ಟಿಗೆ. ಇವುಗಳಿಗೆ ಹವ್ಯಾಸಿಗಳು ‘ನ್ಯಾನೊ ಟ್ಯಾಂಕ್’ ಎನ್ನುತ್ತಾರೆ. ಬೋರ್ನಿಯೊದ ಕಪ್ಪುನೀರಿನಿಂದ ಬಂದ, ಎರಡು ಸೆಂಟಿಮೀಟರ್ ಮುಟ್ಟುವುದೂ ಕಷ್ಟವಾದ ಚಿಲ್ಲಿ ರಾಸ್ಬೊರಾ, ಮ್ಯಾನ್ಮಾರಿನ ಮುತ್ತುಚುಕ್ಕಿಯ ಡೇನಿಯೊ, ಕೇರಳದ ಪೀ ಪಫರ್ ಇಂಥ ತೊಟ್ಟಿಯ ನಿವಾಸಿಗಳು. ಸಣ್ಣತನದ ಕೊನೆ ಇನ್ನೂ ಕೆಳಗಿದೆ. ಸುಮಾತ್ರಾದ ಜೌಗು ಕಾಡಿನಲ್ಲಿ ಸಿಕ್ಕು 2006ರಲ್ಲಿ ದಾಖಲಾದ ಪೀಡೊಸಿಪ್ರಿಸ್‌ನ ಬೆಳೆದ ಹೆಣ್ಣು 7.9 ಮಿಲಿಮೀಟರ್ ಮಾತ್ರ. ಮ್ಯಾನ್ಮಾರಿನ ಡೇನಿಯೊನೆಲ್ಲಾ ಸೆರೆಬ್ರಮ್ ಎಂಬ ಹನ್ನೆರಡು ಮಿಲಿಮೀಟರಿನ ಪಾರದರ್ಶಕ ಮೀನಿನ ಗಂಡು ತನ್ನ ಗಾಳಿಚೀಲಕ್ಕೆ ಮೃದ್ವಸ್ಥಿಯೊಂದನ್ನು ಬಡಿದು, ಪಕ್ಕದಲ್ಲೇ ಅಳೆದರೆ 140 ಡೆಸಿಬೆಲ್ ಮೀರುವ ಸದ್ದು ಹೊರಡಿಸುತ್ತದೆ ಎಂದು 2024ರಲ್ಲಿ ಪ್ರಕಟವಾಯಿತು. ಇಷ್ಟು ಪುಟ್ಟ ಮೈಯಲ್ಲಿ ಇಷ್ಟು ಶಕ್ತಿ ಎಲ್ಲಿಯದು ಎಂದು ನನಗೆ ಇವತ್ತಿಗೂ ಬೆರಗು.

ನೀರು ಹಣ್ಣಾಗಬೇಕು

ಚಿಕ್ಕ ಮೀನು, ಚಿಕ್ಕ ತೊಟ್ಟಿ, ಹಾಗಾಗಿ ಕೆಲಸವೂ ಚಿಕ್ಕದು ಎಂದು ಅಂಗಡಿಯಲ್ಲಿ ಹೇಳುವುದುಂಟು. ನಿಜ ಇದಕ್ಕೆ ತದ್ವಿರುದ್ಧ. ನೂರು ಲೀಟರ್ ನೀರಿನಲ್ಲಿ ಒಂದು ಬಸವನಹುಳ ಸತ್ತು ಕೊಳೆತರೆ ಮೀನುಗಳಿಗೆ ಅದು ಗೊತ್ತೂ ಆಗದೆ ಹೋಗಬಹುದು. ಐದು ಲೀಟರಿನ ಗಾಜಿನ ಬಟ್ಟಲಿನಲ್ಲಿ ಅದೇ ಹುಳ ರಾತ್ರಿ ಬೆಳಗಾಗುವುದರೊಳಗೆ ನೀರನ್ನು ವಿಷ ಮಾಡುತ್ತದೆ. ಬಿಸಿಲು ಬಿದ್ದರೆ ಸಣ್ಣ ತೊಟ್ಟಿ ಬೇಗ ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಆದ್ದರಿಂದ ಎರಡು ಸೆಂಟಿಮೀಟರಿನ ಮೀನಿಗೂ ಇಪ್ಪತ್ತು ಲೀಟರ್ ಕನಿಷ್ಠ, ಮೂವತ್ತಾದರೆ ಒಳ್ಳೆಯದು. ದುಂಡು ಬಟ್ಟಲಿನಲ್ಲಿ ಮೀನು ಮಾರುವುದನ್ನು ಅಂಗಡಿಯವರು ನಿಲ್ಲಿಸಬೇಕು, ಕೊಳ್ಳುವುದನ್ನು ನಾವು ನಿಲ್ಲಿಸಬೇಕು.

ಮೀನು ಉಸಿರಾಡುವಾಗಲೂ ವಿಸರ್ಜಿಸುವಾಗಲೂ ಅಮೋನಿಯಾ ಬಿಡುತ್ತದೆ. ಅದು ವಿಷ. ನೀರಿನಲ್ಲಿ, ಮರಳಿನಲ್ಲಿ, ಸ್ಪಾಂಜಿನ ರಂಧ್ರಗಳಲ್ಲಿ ನೆಲೆಯಾಗುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಗಿಡಗಳು ಹೀರುತ್ತವೆ, ಉಳಿದದ್ದು ನೀರು ಬದಲಿಸುವಾಗ ಹೊರಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ತಂದ ದಿನವೇ ಮೀನನ್ನೂ ತಂದು ಬಿಟ್ಟವರ ಮನೆಯಲ್ಲಿ ಹತ್ತನೆಯ ದಿನಕ್ಕೆ ಮೀನು ತೇಲುವುದು ಈ ಕಾರಣಕ್ಕೆ. ಅದನ್ನು ರೋಗವೆಂದು ತಿಳಿದು ನೀಲಿ ಔಷಧಿ ಸುರಿಯುತ್ತಾರೆ. ಬೇಕಾಗಿದ್ದದ್ದು ತಿಂಗಳೊಂದರ ಕಾಯುವಿಕೆ.

ಆ ತಿಂಗಳನ್ನು ಸುಮ್ಮನೆ ಕಳೆಯಬೇಕಿಲ್ಲ. ತಳಕ್ಕೆ ತೊಳೆದ ಮರಳು, ಅದರ ಮೇಲೆ ಚೆನ್ನಾಗಿ ಒಣಗಿದ ಕಾಡುಬಾದಾಮಿ ಎಲೆ ನಾಲ್ಕಾರು. ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಈ ಮರದ ಕೆಂಪೆಲೆ ಪುಕ್ಕಟೆಯಾಗಿ ಬಿದ್ದಿರುತ್ತದೆ, ಹೊಗೆ-ಧೂಳು ಕಡಿಮೆಯಿರುವ ಕಡೆಯಿಂದ ಆರಿಸಿಕೊಂಡು ತೊಳೆದರೆ ಸಾಕು. ನೀರಿಗೆ ತೆಳುವಾದ ಚಹಾ ಬಣ್ಣ ಬರುತ್ತದೆ, ಎಲೆ ಕೊಳೆಯುತ್ತ ಸೂಕ್ಷ್ಮಜೀವಿಗಳಿಗೆ ಮೇವಾಗುತ್ತದೆ. ಜಾವಾ ಮಾಸ್ ಎಂಬ ಪಾಚಿಗಿಡ ಹಿಡಿಯಷ್ಟು ಬೇಕೇಬೇಕು. ಗಾಳಿ ಪಂಪಿಗೆ ಜೋಡಿಸಿದ ಸ್ಪಾಂಜ್ ಫಿಲ್ಟರ್ ಬಿಟ್ಟು ಬೇರೆ ಯಾವ ಯಂತ್ರವೂ ಬೇಡ. ಮೋಟಾರಿನ ಫಿಲ್ಟರು ಪುಟ್ಟ ಮೀನನ್ನು ದಣಿಸುತ್ತದೆ, ಮರಿಯನ್ನು ಒಳಗೇ ಎಳೆದುಕೊಳ್ಳುತ್ತದೆ. ಕರೆಂಟ್ ಹೋಗುವ ಊರಿನವರು ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಇಟ್ಟುಕೊಳ್ಳುವುದು ಕ್ಷೇಮ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಅದು ಹಾರಿಹೋಗುತ್ತದೆ, ಗಾಳಿಗುಳ್ಳೆ ಬಿಟ್ಟರೆ ಇನ್ನೂ ಬೇಗ. ಬೋರ್‌ವೆಲ್ ನೀರಿಗೆ ಕ್ಲೋರಿನ್ನಿನ ಕಾಟವಿಲ್ಲ, ಗಡಸುತನದ ಕಾಟವಿದೆ. ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಎಷ್ಟೋ ಬಡಾವಣೆಗಳಲ್ಲಿ ಎಂಟುನೂರು ದಾಟುತ್ತದೆ. ಚಿಲ್ಲಿ ರಾಸ್ಬೊರಾದಂಥ ಕಪ್ಪುನೀರಿನ ಮೀನು ಅದರಲ್ಲಿ ಬದುಕಿದರೂ ಮೊಟ್ಟೆ ಫಲಿಸುವುದು ಕಷ್ಟ. ಇದಕ್ಕೆ ನಾನು ಕಂಡ ಅತ್ಯುತ್ತಮ ಪರಿಹಾರ ಮಳೆನೀರು. ಮುಂಗಾರಿನ ಮೊದಲ ಎರಡು ಮೂರು ಮಳೆ ತಾರಸಿಯನ್ನು ತೊಳೆದುಹೋಗಲಿ. ಆಮೇಲೆ ಹಿಡಿದ ನೀರನ್ನು ಮುಚ್ಚಿಟ್ಟ ಡ್ರಮ್ಮಿನಲ್ಲಿ ತುಂಬಿಕೊಂಡರೆ ಮರಿ ಮಾಡುವ ತೊಟ್ಟಿಗಳಿಗೆ ವರ್ಷವಿಡೀ ಸಾಕು. ವಾರಕ್ಕೊಮ್ಮೆ ನೂರಕ್ಕೆ ಹತ್ತು ಹದಿನೈದು ಪಾಲು ನೀರು ಬದಲಿಸಿದರಾಯಿತು. ತೊಟ್ಟಿ ಪೂರ್ತಿ ಬರಿದು ಮಾಡಿ ಸೋಪು ಹಾಕಿ ತೊಳೆಯುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದು ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾವನ್ನೆಲ್ಲ ಚರಂಡಿಗೆ ಚೆಲ್ಲಿದಂತೆ.

ಬಾಯಿಯ ಅಳತೆಯ ಅನ್ನ

ಸ್ಕಾರ್ಲೆಟ್ ಬ್ಯಾಡಿಸ್ ಒಣ ಆಹಾರ ಮುಟ್ಟುವುದಿಲ್ಲ. ಡಬ್ಬಿಯ ಕಾಳು ಎಷ್ಟೇ ಬೆಲೆಯದ್ದಾಗಿರಲಿ, ಅದರ ಎದುರು ಬಿದ್ದು ತಳ ಸೇರುತ್ತದೆ. ಆ ಮೀನು ನಿಂತಲ್ಲೇ ನಿಂತು, ಒಂದು ಕಣ್ಣನ್ನು ಹೊರಳಿಸಿ, ಅಲುಗುವುದೇನಾದರೂ ಇದೆಯೇ ಎಂದು ನೋಡುತ್ತದೆ. ಅಲುಗಿದರೆ ಮಾತ್ರ ಅದು ಊಟ. ಇದನ್ನು ತಿಳಿಯದೆ ಕೊಂಡವರ ಮನೆಯಲ್ಲಿ ಅದು ಬಣ್ಣ ಕಳೆದುಕೊಂಡು, ಹೊಟ್ಟೆ ಒಳಸೇರಿ, ಎರಡು ಮೂರು ತಿಂಗಳಲ್ಲಿ ಸಾಯುತ್ತದೆ. ಆದ್ದರಿಂದ ಸಣ್ಣ ಮೀನು ಸಾಕುವವರು ಮೊದಲು ಮೀನಿನ ಊಟವನ್ನು ಸಾಕಲು ಕಲಿಯಬೇಕು. ಈ ಹವ್ಯಾಸದ ಅರ್ಧಕ್ಕಿಂತ ಹೆಚ್ಚು ಕೆಲಸವೂ, ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಸಂತೋಷವೂ ಇರುವುದು ಇಲ್ಲಿ.

ಮೊದಲ ಮೆಟ್ಟಿಲು ಇನ್ಫ್ಯೂಸೋರಿಯಾ. ಹಳೆಯ ತೊಟ್ಟಿಯ ನೀರನ್ನು ಒಂದು ಗಾಜಿನ ಭರಣಿಗೆ ತುಂಬಿ, ಒಣಗಿಸಿದ ಬಾಳೆಹಣ್ಣಿನ ಸಿಪ್ಪೆಯ ಸಣ್ಣ ಚೂರು ಅಥವಾ ಕೋಸಿನ ಎಲೆಯ ತುಂಡು ಹಾಕಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇಡಬೇಕು. ಎರಡನೆಯ ದಿನ ನೀರು ಹಾಲಿನಂತೆ ಕದಡುತ್ತದೆ, ವಾಸನೆಯೂ ಬರುತ್ತದೆ. ಅದು ಬ್ಯಾಕ್ಟೀರಿಯಾ. ವಾರದೊಳಗೆ ವಾಸನೆ ಹೋಗಿ ನೀರು ತಿಳಿಯಾದರೆ, ಬ್ಯಾಕ್ಟೀರಿಯಾವನ್ನು ತಿಂದು ಪ್ಯಾರಮೀಸಿಯಂನಂಥ ಏಕಕೋಶ ಜೀವಿಗಳು ಬೆಳೆದಿವೆ ಎಂದರ್ಥ. ಭರಣಿಯನ್ನು ಬೆಳಕಿಗೆ ಹಿಡಿದರೆ ಧೂಳಿನ ಕಣಗಳು ತಾವಾಗಿಯೇ ನಡೆದಾಡಿದ ಹಾಗೆ ಕಾಣುತ್ತದೆ. ಒಂದೊಂದೂ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಈಗತಾನೇ ಈಜಲು ಕಲಿತ ಮೀನಿನ ಮರಿಯ ಬಾಯಿಗೆ ಹಿಡಿಸುವುದು ಇಂಥದ್ದೇ. ಒಂದು ಭರಣಿ ಮುಗಿಯುವುದರೊಳಗೆ ಇನ್ನೊಂದು ಸಿದ್ಧವಿರಬೇಕಾದ್ದರಿಂದ ಎರಡು ಮೂರು ಭರಣಿಗಳನ್ನು ಎರಡು ಮೂರು ದಿನದ ಅಂತರದಲ್ಲಿ ಹಾಕಿಡುವುದು ರೂಢಿ.

ಮುಂದಿನ ಮೆಟ್ಟಿಲು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸೀಗಡಿಯ ಮರಿ. ಇದರ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ. ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನದ್ದಕ್ಕೆ ಹೆಸರು ಹೆಚ್ಚು. ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು, ಚಿಟಿಕೆ ಮೊಟ್ಟೆ, ತಳದಿಂದ ಗಾಳಿ, ಮೇಲೊಂದು ಬಲ್ಬು. ಇಷ್ಟಿದ್ದರೆ 26-28 ಡಿಗ್ರಿಯಲ್ಲಿ ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಗಾಳಿ ನಿಲ್ಲಿಸಿ ತಳಕ್ಕೆ ಬೆಳಕು ಹಿಡಿದರೆ ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಸಿಪ್ಪೆ ಮೇಲೆ ತೇಲುತ್ತದೆ. ಮರಿಗಳನ್ನು ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಅರ್ಧ ಮಿಲಿಮೀಟರಿನ ಈ ಕಿತ್ತಳೆ ಚುಕ್ಕಿಗಳನ್ನು ತಿಂದ ಮೀನುಮರಿಯ ಹೊಟ್ಟೆಯೂ ಕಿತ್ತಳೆಯಾಗುತ್ತದೆ, ಹೊರಗಿನಿಂದಲೇ ಕಾಣುತ್ತದೆ. ಮರಿ ಉಂಡಿತೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ದೊಡ್ಡವಕ್ಕೆ ಮೊಯ್ನಾ. ಹಸಿರುಗಟ್ಟಿದ ನೀರಿನಲ್ಲಿ ಕುಪ್ಪಳಿಸುವ ಈ ನೀರ್ಚಿಗಟವನ್ನು ಬಾಲ್ಕನಿಯ ಟಬ್ಬಿನಲ್ಲಿ ಚಿಟಿಕೆ ಯೀಸ್ಟ್ ಹಾಕಿ ಬೆಳೆಸಬಹುದು. ಕೆರೆಯಿಂದ ನೇರವಾಗಿ ಹಿಡಿದು ತರುವುದರಲ್ಲಿ ಅಪಾಯವಿದೆ. ಜತೆಗೆ ಏರೋಪ್ಲೇನ್ ಚಿಟ್ಟೆಯ ಮರಿ ಒಂದು ಬಂದರೂ ತೊಟ್ಟಿಯ ಮೀನುಮರಿಗಳನ್ನು ಒಂದೊಂದಾಗಿ ಮುಗಿಸುತ್ತದೆ. ಚರಂಡಿಯ ಟ್ಯೂಬಿಫೆಕ್ಸ್ ಹುಳವನ್ನು ಸಣ್ಣ ಮೀನಿಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬೆಳೆಯುವ ಕೊಳಚೆಯ ಸೋಂಕೆಲ್ಲ ಅದರ ಜತೆಗೇ ಮನೆಗೆ ಬರುತ್ತದೆ.

ಪಾಚಿಯೊಳಗಿನ ಮದುವೆ

ಸ್ಕಾರ್ಲೆಟ್ ಬ್ಯಾಡಿಸ್ ಮರಿ ಮಾಡಿಸಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಹೆಣ್ಣು ಸಿಗದಿರುವುದು. ಗಂಡು ಕಡುಗೆಂಪು, ಮೈಮೇಲೆ ತೆಳುನೀಲಿ ಅಡ್ಡಪಟ್ಟೆ, ರೆಕ್ಕೆಯಂಚಿಗೆ ಬಿಳಿನೀಲಿ ಗೆರೆ. ಹೆಣ್ಣು ಬೂದು ಬಣ್ಣದ್ದು, ಗಂಡಿಗಿಂತ ಗಿಡ್ಡ. ಹಿಡಿಯುವವರು, ಕಳಿಸುವವರು, ಮಾರುವವರು ಎಲ್ಲರೂ ಬಣ್ಣಕ್ಕೆ ಬೆಲೆ ಕಟ್ಟುವುದರಿಂದ ಹೆಣ್ಣು ಅಲ್ಲೇ ಹಳ್ಳದಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ‘ಇದು ಹೆಣ್ಣು’ ಎಂದು ಕೊಟ್ಟದ್ದು ಎಷ್ಟೋ ಸಲ ಇನ್ನೂ ಬಣ್ಣ ಏರದ, ದೊಡ್ಡ ಗಂಡಿನ ಎದುರು ಮಂಕಾಗಿ ನಿಂತ ಚಿಕ್ಕ ಗಂಡು. ರೆಕ್ಕೆಯಲ್ಲಿ ಸ್ವಲ್ಪವಾದರೂ ನೀಲಿ ಕಂಡರೆ, ಮೈಮೇಲೆ ಪಟ್ಟೆಯ ಸುಳಿವಿದ್ದರೆ, ಅದು ಗಂಡೇ. ನಿಜವಾದ ಹೆಣ್ಣಿನ ರೆಕ್ಕೆ ಗಾಜಿನಂತೆ ಬಣ್ಣವಿಲ್ಲದ್ದು, ಹೊಟ್ಟೆ ತುಸು ದುಂಡು.

ಮೂವತ್ತು ಲೀಟರಿನ ತೊಟ್ಟಿಯಲ್ಲಿ ಒಂದು ಗಂಡು, ಎರಡು ಮೂರು ಹೆಣ್ಣು ಸಾಕು. ಇನ್ನೊಂದು ಗಂಡು ಸೇರಿದರೆ ಜಾಗದ ಜಗಳ ಶುರು. ಗಂಡು ಒಂದು ಅಂಗೈಯಗಲದ ಪಾಚಿಯನ್ನು ತನ್ನದೆಂದು ಹಿಡಿದು, ದಾಟಿ ಬಂದವರನ್ನೆಲ್ಲ ಅಟ್ಟುತ್ತದೆ. ಎರಡು ವಾರ ಜೀವಂತ ಊಟ ಹೊಟ್ಟೆ ತುಂಬ ಸಿಕ್ಕಿದ ಮೇಲೆ ಅದರ ಕೆಂಪು ಇನ್ನಷ್ಟು ಗಾಢವಾಗುತ್ತದೆ. ರೆಕ್ಕೆಗಳನ್ನೆಲ್ಲ ಬಿಚ್ಚಿ, ಮೈ ನಡುಗಿಸುತ್ತ ಹೆಣ್ಣಿನ ಎದುರು ಬಂದು, ತನ್ನ ಪಾಚಿಯ ಕಡೆ ತಿರುಗಿ, ಮತ್ತೆ ಬಂದು ಕರೆಯುತ್ತದೆ. ಒಪ್ಪಿದ ಹೆಣ್ಣು ಹಿಂದೆ ಹೋಗುತ್ತದೆ. ಪಾಚಿಯ ಎಳೆಗಳ ನಡುವೆ ಗಂಡು ಹೆಣ್ಣನ್ನು ಸುತ್ತಿ ಹಿಡಿದ ಗಳಿಗೆಯಲ್ಲಿ ಮೊಟ್ಟೆಗಳು ಅಲ್ಲೇ ಉದುರಿ ಅಂಟಿಕೊಳ್ಳುತ್ತವೆ. ಇದರ ದೊಡ್ಡಪ್ಪನ ಮಗನಾದ ಬ್ಯಾಡಿಸ್ ಬ್ಯಾಡಿಸ್‌ನ ಗಂಡು ಗುಹೆಯಲ್ಲಿ ಮೊಟ್ಟೆಗೆ ಕಾವಲು ಕೂರುತ್ತದೆ. ಡೇರಿಯೊ ಅಂಥ ಜವಾಬ್ದಾರಿ ವಹಿಸಿಕೊಳ್ಳುವುದಿಲ್ಲ. ಮೊಟ್ಟೆಯಿಟ್ಟ ಪಾಚಿಯನ್ನು ಮೆಲ್ಲಗೆ ಎತ್ತಿ, ಅದೇ ನೀರು ತುಂಬಿದ ಬೇರೆ ಡಬ್ಬಕ್ಕೆ ಹಾಕಬೇಕಾದವರು ನಾವು.

ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆದರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಗಾಜಿನ ಪಕ್ಕದಿಂದ ಹಿಡಿದು ಬಹಳ ಹೊತ್ತು ನೋಡಿದರೆ ಗಾಜಿಗೋ ಎಲೆಗೋ ಅಂಟಿದ, ಎರಡು ಕಣ್ಣು ಮಾತ್ರ ಇರುವ ಎಳೆಯೊಂದು ಸಿಗಬಹುದು. ಹೊಟ್ಟೆಯ ಭಂಡಾರ ಕರಗಿ ಅದು ಈಜಲು ತೊಡಗುವುದು ವಾರದ ಹೊತ್ತಿಗೆ. ಅಂದಿನಿಂದ ದಿನಕ್ಕೆ ಮೂರು ನಾಲ್ಕು ಸಲ ಇನ್ಫ್ಯೂಸೋರಿಯಾ ಹನಿಸಬೇಕು. ಇದು ಇಡೀ ಕೆಲಸದ ಕಠಿಣ ಘಟ್ಟ. ಹೆಚ್ಚು ಹಾಕಿದರೆ ನೀರು ಕೆಡುತ್ತದೆ, ಕಡಿಮೆಯಾದರೆ ಮರಿ ಹಸಿದು ಸಾಯುತ್ತದೆ. ಡಬ್ಬದಲ್ಲಿ ಒಂದೆರಡು ಪುಟ್ಟ ಬಸವನಹುಳಗಳನ್ನು ಬಿಟ್ಟರೆ ಉಳಿದದ್ದನ್ನು ತಿಂದು ನೀರನ್ನು ಕಾಯುತ್ತವೆ. ಪಾಚಿಯೂ ಕೊಳೆತ ಬಾದಾಮಿ ಎಲೆಯೂ ತಮ್ಮ ಮೈಮೇಲೆ ಬೆಳೆಸಿಕೊಂಡ ಸೂಕ್ಷ್ಮಜೀವಿಗಳು ನಾವು ನಿದ್ದೆ ಮಾಡುವಾಗಲೂ ಮರಿಗೆ ಊಟ. ಹಳೆಯ, ಕೊಂಚ ಗಲೀಜಾಗಿ ಕಾಣುವ ತೊಟ್ಟಿಯಲ್ಲಿ ಮರಿ ಉಳಿದು, ಥಳಥಳ ಹೊಳೆಯುವ ಹೊಸ ತೊಟ್ಟಿಯಲ್ಲಿ ಸಾಯುವುದರ ಗುಟ್ಟು ಇದೇ. ಆರ್ಟೀಮಿಯಾ ತಿನ್ನುವ ಗಾತ್ರಕ್ಕೆ ಬಂದ ಮೇಲೆ ಚಿಂತೆ ಅರ್ಧ ಇಳಿಯುತ್ತದೆ. ಬಣ್ಣ ಕಾಣಲು ಮಾತ್ರ ಇನ್ನೂ ತಿಂಗಳುಗಳು ಬೇಕು.

ಮಲೆನಾಡಿನವರಿಗೆ ‘ಹತ್ತುಮೀನು’ ಗೊತ್ತು. ಮುಂಗಾರಿನ ಮೊದಲ ಹೊಸನೀರಿಗೆ ಹೊಳೆಯ ಮೀನುಗಳು ಹಳ್ಳ ಹತ್ತಿ, ತೋಡು ಹತ್ತಿ, ಗದ್ದೆಗೆ ಬಂದು ಮೊಟ್ಟೆಯಿಡುತ್ತವೆ. ಗಾಜಿನ ತೊಟ್ಟಿಯಲ್ಲೂ ಇದೇ ಉಪಾಯ ನಡೆಯುತ್ತದೆ. ಕೆಲವು ವಾರ ನೀರು ಬದಲಿಸುವುದನ್ನು ಕಡಿಮೆ ಮಾಡಿ, ಮಟ್ಟವನ್ನು ತುಸು ಇಳಿಸಿ, ಆಮೇಲೆ ಒಂದು ಸಂಜೆ ಎರಡು ಮೂರು ಡಿಗ್ರಿ ತಣ್ಣಗಿರುವ ಮಳೆನೀರನ್ನು ನಿಧಾನವಾಗಿ ತುಂಬಿದರೆ ಅನೇಕ ಜಾತಿಯ ಮೀನುಗಳು ಮರುದಿನ ಬೆಳಗ್ಗೆಯೇ ಮೊಟ್ಟೆಯಿಡುತ್ತವೆ. ಜೀಬ್ರಾ ಮೀನಿಗಂತೂ ಬೆಳಕು ಹರಿಯುವುದೇ ಸೂಚನೆ. ತಳಕ್ಕೆ ಗೋಲಿಗಳನ್ನು ಹರವಿಟ್ಟರೆ ಮೊಟ್ಟೆಗಳು ಸಂದಿಗೆ ಬಿದ್ದು ಅಪ್ಪ-ಅಮ್ಮನ ಬಾಯಿಂದ ತಪ್ಪಿಸಿಕೊಳ್ಳುತ್ತವೆ. ಹೊಸಬರು ಜೀಬ್ರಾ ಮೀನಿನಿಂದ ಆರಂಭಿಸಿದರೆ ಸಣ್ಣ ಮರಿ ಸಾಕುವ ಕೈ ಕುದುರುತ್ತದೆ. 1970ರ ದಶಕದಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಸಂಶೋಧನೆಗೆ ಆರಿಸಿಕೊಂಡದ್ದೂ ಇದೇ ಸಾಮಾನ್ಯ ಅಂಗಡಿ ಮೀನನ್ನು. ಇಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್ ಸೇರಿದಂತೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಅದರ ಪಾರದರ್ಶಕ ಮರಿಗಳ ಮೂಲಕ ನರಮಂಡಲದ ಅಧ್ಯಯನ ನಡೆಯುತ್ತಿದೆ.

ಹಳ್ಳದಿಂದ ಬಂದದ್ದೋ, ಮನೆಯಲ್ಲಿ ಹುಟ್ಟಿದ್ದೋ?

ಮುತ್ತುಚುಕ್ಕಿಯ ಡೇನಿಯೊ ಕಥೆಯನ್ನು ಸಣ್ಣ ಮೀನು ಸಾಕುವ ಪ್ರತಿಯೊಬ್ಬರೂ ಕೇಳಬೇಕು. 2006ರಲ್ಲಿ ಮ್ಯಾನ್ಮಾರಿನ ಶಾನ್ ಪ್ರಸ್ಥಭೂಮಿಯ ಹೋಪಾಂಗ್ ಬಳಿಯ ಸೊಪ್ಪುಗೊಳಗಳಲ್ಲಿ ಈ ಮೀನು ಕಣ್ಣಿಗೆ ಬಿತ್ತು. ಕಡುನೀಲಿ ಮೈ ತುಂಬ ಮುತ್ತಿನ ಚುಕ್ಕಿ, ರೆಕ್ಕೆಗೆ ಕೆಂಪು-ಕಪ್ಪು ಗೆರೆ. ಚಿತ್ರ ಹರಡಿದ ಕೆಲವೇ ತಿಂಗಳಲ್ಲಿ ಜಪಾನ್, ಯುರೋಪ್, ಅಮೆರಿಕಗಳ ಅಂಗಡಿಗಳಿಗೆ ಅದು ಸಾವಿರಗಟ್ಟಲೆ ಹೋಯಿತು. ಟೈಸನ್ ರಾಬರ್ಟ್ಸ್ 2007ರಲ್ಲಿ ವೈಜ್ಞಾನಿಕ ಹೆಸರು ಕೊಡುವ ಹೊತ್ತಿಗಾಗಲೇ ಮೊದಲು ಸಿಕ್ಕ ಕೊಳಗಳಲ್ಲಿ ಮೀನು ಕಾಣದಾಗುತ್ತಿದೆ ಎಂಬ ಆತಂಕ ಎದ್ದು, ರಫ್ತಿಗೆ ತಡೆಯೂ ಬಿತ್ತು. ಆಮೇಲೆ ಬೇರೆ ಕಡೆಗಳಲ್ಲೂ ಅದು ಇರುವುದು ತಿಳಿಯಿತು. ಅಷ್ಟರಲ್ಲಿ ಇನ್ನೊಂದು ಒಳ್ಳೆಯ ಕೆಲಸ ನಡೆದಿತ್ತು. ಮನೆಯ ಹಿಂಕೋಣೆಗಳಲ್ಲಿ, ಗ್ಯಾರೇಜುಗಳಲ್ಲಿ ಹವ್ಯಾಸಿಗಳು ಅದನ್ನು ಮರಿ ಮಾಡಿಸಿ, ಪರಸ್ಪರ ಹಂಚಿ, ಕ್ರಮ ಬರೆದಿಟ್ಟರು. ಪಾಚಿಯಲ್ಲಿ ದಿನಕ್ಕಿಷ್ಟೆಂದು ಮೊಟ್ಟೆ, ಮೂರು ನಾಲ್ಕು ದಿನಕ್ಕೆ ಮರಿ, ಒಂದು ವಾರ ಇನ್ಫ್ಯೂಸೋರಿಯಾ, ಮೂರು ತಿಂಗಳಿಗೆ ಬಣ್ಣ. ಇವತ್ತು ಮಾರಾಟವಾಗುವುದರಲ್ಲಿ ದೊಡ್ಡ ಪಾಲು ಸಾಕಣೆಯಲ್ಲಿ ಹುಟ್ಟಿದ್ದು. ಸಾವಿರ ಮೀಟರಿಗೂ ಎತ್ತರದ ತಂಪು ಸೀಮೆಯಿಂದ ಬಂದ ಆ ಮೀನಿಗೆ ಬೆಂಗಳೂರಿನ, ಚಿಕ್ಕಮಗಳೂರಿನ ಹವೆ ಹೇಳಿ ಮಾಡಿಸಿದ್ದು. ಹೀಟರ್ ಕೂಡ ಬೇಡ.

ಸ್ಕಾರ್ಲೆಟ್ ಬ್ಯಾಡಿಸ್ ಮತ್ತು ಪೀ ಪಫರ್ ವಿಷಯದಲ್ಲಿ ಸಾಕಣೆಯತ್ತ ಈ ಬದಲಾವಣೆ ಇನ್ನೂ ಆಗಿಲ್ಲ. ನಮ್ಮ ದೇಶದಿಂದಲೇ ಜಗತ್ತಿಗೆ ಹೋಗುವ ಈ ಎರಡೂ ಮೀನುಗಳಲ್ಲಿ ಬಹುಪಾಲು ಹಳ್ಳದಿಂದ, ಹೊಳೆಯಿಂದ ಹಿಡಿದದ್ದು. ಹೋರಾ ಮತ್ತು ನಾಯರ್ 1941ರಲ್ಲಿ ವರ್ಣಿಸಿದ, ಎರಡೂವರೆ ಸೆಂಟಿಮೀಟರಿನ ಪೀ ಪಫರ್ ಇಂದು ಐಯುಸಿಎನ್ ಪಟ್ಟಿಯಲ್ಲಿ ಅಪಾಯದ ಅಂಚಿನ ಜೀವಿ. ಮೈ ಉಬ್ಬಿಸಿ, ಕಣ್ಣು ತಿರುಗಿಸಿ ಎದುರು ನಿಲ್ಲುವ ಅದರ ಚೆಲುವಿಗೆ ಮನಸೋಲದವರಿಲ್ಲ. ಅದರ ಹಲ್ಲಿಗೆ ಬಸವನಹುಳ ಬೇಕು, ಜತೆಯ ಮೀನುಗಳ ರೆಕ್ಕೆ ಕಚ್ಚುವ ಗುಣವಿದೆ. ಪಾಚಿ ದಟ್ಟವಾಗಿರುವ ತೊಟ್ಟಿಯಲ್ಲಿ ಅದನ್ನು ಪ್ರತ್ಯೇಕವಾಗಿ ಸಾಕಿದರೆ ಮನೆಯಲ್ಲೇ ಮರಿ ಮಾಡುತ್ತದೆ. ಮಾಡಿಸಿದವರು ನಮ್ಮಲ್ಲೂ ಇದ್ದಾರೆ. ಅಂಥವರ ಮರಿಗಳಿಗೆ ಅಂಗಡಿಯಲ್ಲಿ ಹೆಚ್ಚು ಬೆಲೆ, ಹೆಚ್ಚು ಗೌರವ ಸಿಗಬೇಕು. ಹೊಳೆಯಿಂದ ಹಿಡಿದ ಮೀನು ಅಗ್ಗವಾಗಿರುವವರೆಗೆ ಮನೆಯಲ್ಲಿ ಮೂರು ತಿಂಗಳು ಕಷ್ಟಪಟ್ಟು ಮರಿ ಬೆಳೆಸಿದವನಿಗೆ ಗಿಟ್ಟುವುದಿಲ್ಲ.

ಡೇರಿಯೊ ಹುಲಿಯ ಬಗ್ಗೆ ಒಂದು ಮಾತು. ಇದನ್ನು ಓದಿ ಯಾರಾದರೂ ತುಂಗೆಯ ಹಳ್ಳಗಳಿಗೆ ಬಲೆ ಹಿಡಿದು ಇಳಿಯುವುದು ಬೇಡ. ಕೆಲವೇ ಹಳ್ಳಗಳಲ್ಲಿ ಬದುಕುವ ಮೀನಿಗೆ ಹಳ್ಳದಂಚಿನ ಗಿಡಗಂಟಿ ಸವರುವುದೂ ತೋಟದ ಔಷಧಿ ಹರಿದು ಬರುವುದೂ ಈಗಾಗಲೇ ಸಾಕಷ್ಟು ಕಂಟಕ. ಮೀನುಗಾರಿಕೆ ಕಾಲೇಜುಗಳೂ ಹೆಸರಘಟ್ಟದಂಥ ಸಂಶೋಧನಾ ಕೇಂದ್ರಗಳೂ ನಿಯಮಬದ್ಧವಾಗಿ ಕೆಲವು ಜೋಡಿಗಳನ್ನು ತಂದು ಮರಿ ಮಾಡಿಸಿ ಹವ್ಯಾಸಿಗಳಿಗೆ ಕೊಡುವ ದಿನ ಬಂದರೆ ಅದನ್ನು ಸಾಕಲು ಮೊದಲು ಸಾಲಿನಲ್ಲಿ ನಿಲ್ಲುವವನು ನಾನು. ಅಲ್ಲಿಯವರೆಗೆ ಆ ಹಳ್ಳ ಇರುವ ಊರಿನವರು ತಮ್ಮ ಹಳ್ಳವನ್ನು ಹಾಗೆಯೇ ಉಳಿಸಿಕೊಂಡರೆ ಅದೇ ದೊಡ್ಡ ಸಾಕಣೆ.

ಇನ್ನೊಂದು ಕಡೆಯೂ ಎಚ್ಚರ ಬೇಕು. ಮರಿ ಹೆಚ್ಚಾದಾಗ, ಮನೆ ಬದಲಿಸುವಾಗ, ಪರೀಕ್ಷೆ ಬಂತೆಂದು ಮಕ್ಕಳ ಹವ್ಯಾಸ ನಿಲ್ಲಿಸುವಾಗ ಮೀನನ್ನು ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಬಂತೆಂದುಕೊಳ್ಳುವವರಿದ್ದಾರೆ. ಸೊಳ್ಳೆ ನಿವಾರಣೆಗೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ಮತ್ತು ಅದಕ್ಕೂ ಮೊದಲೇ ಬಂದಿದ್ದ ಗಪ್ಪಿ ನಮ್ಮ ಕೆರೆ-ಕುಂಟೆಗಳಲ್ಲಿ ಬೇರೂರಿ ಸ್ಥಳೀಯ ಸಣ್ಣ ಮೀನುಗಳ ಮೊಟ್ಟೆ-ಮರಿಗಳನ್ನು ತಿನ್ನುತ್ತಿವೆ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ಕೆರೆಗಳಲ್ಲಿ ಬಲೆ ಹರಿಯುವಷ್ಟು ದೊಡ್ಡದಾಗಿ ಬೆಳೆದು ಮೀನುಗಾರರಿಗೆ ತಲೆನೋವಾಗಿದೆ. ಸೊಳ್ಳೆಮರಿ ತಿನ್ನಲು ನಮ್ಮದೇ ಅಪ್ಲೋಕೀಲಸ್ ಇದೆ. ತಲೆಯ ಮೇಲೆ ಬೆಳ್ಳಿಚುಕ್ಕಿ ಮಿನುಗಿಸುತ್ತ ನೀರಿನ ಮೇಲ್ಪದರದಲ್ಲೇ ಈಜುವ ಮೀನು. ಅದರ ಚಿಕ್ಕ ಜಾತಿ ಅಪ್ಲೋಕೀಲಸ್ ಬ್ಲಾಕಿಯನ್ನು ಮನೆಯಲ್ಲಿ ಮರಿ ಮಾಡಿಸುವುದು ಬಹಳ ಸುಲಭ. ಉಣ್ಣೆಯ ದಾರದ ಕುಚ್ಚು ಇಳಿಬಿಟ್ಟರೆ ಅದಕ್ಕೇ ಮೊಟ್ಟೆ ಅಂಟಿಸುತ್ತದೆ. ಎರಡು ವಾರದಲ್ಲಿ ಮರಿ ಬರುತ್ತದೆ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಇದು ಹಳ್ಳದಿಂದ ಬಂದದ್ದೋ, ಸಾಕಣೆಯಲ್ಲಿ ಹುಟ್ಟಿದ್ದೋ ಎಂದು ಕೇಳಿ. ಸಾಕಣೆಯದ್ದಾದರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ತರುವ ಮೊದಲು ಒಂದು ತಿಂಗಳು ನೀರು ಹಣ್ಣಾಗಲು ಬಿಡಿ, ಇನ್ಫ್ಯೂಸೋರಿಯಾದ ಭರಣಿ ಹಾಕಿಡಿ. ಮರಿ ಹೆಚ್ಚಾದರೆ ಗೆಳೆಯರಿಗೆ ಕೊಡಿ, ಅಂಗಡಿಗೆ ವಾಪಸ್ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.